ಹತ್ತು ನಿಮಿಷ ಸುಮ್ಮನೆ ಕೂರುವುದು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನು ಹೇಳಬೇಕಾಗಿಲ್ಲ, ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಗೆ ಬಂದು ಕಾಂತರಾಜು ಮನೆ ಎಲ್ಲಿ ಎಂದು ಕೇಳಿದರೆ ಮನೆಗಿಂತ ಮೊದಲು ಸಿಟ್ಟಿನ ಸಮಾಚಾರ ಸಿಗುತ್ತದೆ. ನಾಲ್ಕು ಕರೆಂಟ್ ಮಗ್ಗಗಳ ಸದ್ದಿನ ನಡುವೆ ಇಪ್ಪತ್ತೈದು ವರ್ಷ ಕೂಗಿ ಮಾತಾಡಿದವನಿಗೆ ಮೆಲ್ಲಗೆ ಮಾತಾಡು ಎಂದರೆ ಹೇಗೆ ಬಂದೀತು?

ಹೋದ ವರ್ಷ ದೇವನಹಳ್ಳಿಯಲ್ಲಿ ಕರಾಟೆ ಪಂದ್ಯ ನಡೆಯಿತು. ನನ್ನ ಮಗಳು ಮೇಘನ ಫೈನಲ್‌ಗೆ ಬಂದಿದ್ದಳು. ಅವಳು ಒದ್ದ ಒದೆಗೆ ರೆಫರಿ ಪಾಯಿಂಟ್ ಕೊಡಲಿಲ್ಲ. ನಾನು ಚಪ್ಪಲಿ ಕಾಲಲ್ಲೇ ಮ್ಯಾಟ್ ಮೇಲೆ ನುಗ್ಗಿ ಅವನ ಕೈಯ ಬಾವುಟ ಕಿತ್ತುಕೊಂಡೆ. ಮಗಳನ್ನು ಪಂದ್ಯದಿಂದಲೇ ತೆಗೆದುಹಾಕಿದರು. ಆಗ ಅವಳು ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ಹನ್ನೊಂದು ದಿನ ಮಾತಾಡಲಿಲ್ಲ. "ಸಿಟ್ಟಲ್ಲಿ ಕುಯ್ಕೊಂಡ ಮೂಗು ಶಾಂತವಾದ್ಮೇಲೆ ಬರುತ್ತಾ?" ಎಂದು ನನ್ನ ಹೆಂಡತಿ ಪ್ರಮೋದಾ ಅಷ್ಟೂ ದಿನ ಊಟಕ್ಕೆ ಬಡಿಸುವಾಗ ತಪ್ಪದೆ ಕೇಳಿದಳು.

ಈ ವರ್ಷ ಮೇಘನಳ ಬ್ಲಾಕ್ ಬೆಲ್ಟ್ ಪರೀಕ್ಷೆ. "ಅಪ್ಪ ಬರೋದು ಬೇಡ" ಎಂದು ಅವಳು ತನ್ನ ಗುರು ಬೈರಣ್ಣನಿಗೆ ಹೇಳಿಬಿಟ್ಟಿದ್ದಳು. ಬೈರಣ್ಣ ನನ್ನ ಜೊತೆ ಓದಿದವನು. ಅವನಿಗೂ ಎರಡು ಮಗ್ಗಗಳಿವೆ, ಸಂಜೆ ಮಾತ್ರ ಅವನು ಸೆನ್ಸೈ, ಅಂದರೆ ಕರಾಟೆ ಮೇಷ್ಟ್ರು. ನಾನು ಹೋಗಿ ಜಗಳಕ್ಕೆ ನಿಂತೆ.

"ನೋಡು ಕಾಂತ, ಒಂದೇ ದಾರಿ ಇರೋದು" ಎಂದ. "ಮೂರು ತಿಂಗಳು ಕ್ಲಾಸಿಗೆ ಬಾ. ಪರೀಕ್ಷೆ ಕೊನೇಲಿ ಎಲ್ರೂ ಕಣ್ಮುಚ್ಕೊಂಡು ಹತ್ತು ನಿಮಿಷ ಕೂರ್ಬೇಕು. ಕೊನೇ ಸಾಲಲ್ಲಿ ನೀನೂ ಕೂತ್ಕೊ. ಅಲುಗಾಡ್ದೆ ಕೂತ್ರೆ ಸರಿ. ಮತ್ತೆ ಏನಾದ್ರೂ ರಂಪ ಮಾಡಿದ್ರೆ ನಿನ್ ಮಗಳ ಬೆಲ್ಟೂ ಹೋಗುತ್ತೆ, ನನ್ ಕ್ಲಾಸೂ ಹೋಗುತ್ತೆ."

"ಕೂರೋದು ತಾನೇ" ಎಂದೆ.

ಕೂರುವುದಕ್ಕಿಂತ ಕಷ್ಟದ ಕೆಲಸ ಪ್ರಪಂಚದಲ್ಲಿಲ್ಲ. ಅದೂ ವಜ್ರಾಸನದಲ್ಲಿ, ನಲವತ್ತೇಳರ ಮೊಣಕಾಲಿಟ್ಟುಕೊಂಡು. ಬಿಳಿ ಬೆಲ್ಟ್ ಕಟ್ಟಿಕೊಂಡು ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಮಕ್ಕಳ ನಡುವೆ ಕೂತೆ. ಎರಡನೇ ಕ್ಲಾಸಿನ ರಂಜಿತಳದು ಹಳದಿ ಬೆಲ್ಟ್, ಅಂದರೆ ಅವಳು ನನಗೆ ಸೀನಿಯರ್, ದಿನಾ ಅವಳಿಗೆ ಬಗ್ಗಿ ನಮಸ್ಕಾರ ಮಾಡಬೇಕು. "ಅಂಕಲ್, ನೀವು ಉಸಿರು ಬಿಡೋವಾಗ ಬೈತಾ ಇದೀರ" ಎಂದು ಅವಳು ಮೊದಲ ದಿನವೇ ಎಲ್ಲರ ಮುಂದೆ ಹೇಳಿದಳು. ಬೈಯುತ್ತಿದ್ದುದು ನಿಜ.

"ಮನಸ್ಸು ಖಾಲಿ ಮಾಡ್ಕೊ" ಎನ್ನುತ್ತಿದ್ದ ಬೈರಣ್ಣ. "ಏನೂ ಯೋಚ್ನೆ ಇರಬಾರ್ದು. ಯೋಚ್ನೆ ಮಾಡಿ ಕೈ ಎತ್ತಿದ್ರೆ ಅಷ್ಟೊತ್ತಿಗೆ ಏಟು ಬಿದ್ದಿರುತ್ತೆ. ಖಾಲಿ ಇದ್ರೆ ಕೈ ತಾನಾಗೇ ಏಳುತ್ತೆ. ಜಪಾನಲ್ಲಿ ಇದಕ್ಕೆ ಮುಶಿನ್ ಅಂತಾರೆ."

ನಾನು ಖಾಲಿ ಮಾಡಿದಷ್ಟೂ ಅದು ತುಂಬಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿದರೆ ದೇವನಹಳ್ಳಿಯ ರೆಫರಿ ಬರುತ್ತಿದ್ದ. ಅವನನ್ನು ಓಡಿಸಿದರೆ ಕೂಲಿಯವನು ರಾಮಾಂಜಿನಪ್ಪ ಬರುತ್ತಿದ್ದ, ಮಗ್ಗ ಓಡುತ್ತಿರುವಾಗಲೇ ಟೀ ಕುಡಿಯಲು ಹೊರಟವನಂತೆ. ಅವನಿಗೆ ಬೈದು ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಕ್ಲಾಸು ನಡೆಯುವ ನೇಕಾರರ ಭವನಕ್ಕೂ ನಮ್ಮ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ. ನನ್ನ ನಾಲ್ಕು ಮಗ್ಗಗಳ ಸದ್ದನ್ನು ಕೇಳುತ್ತಾ ಕೂತರೆ ರೆಫರಿ ಬರುವುದು ನಿಲ್ಲುತ್ತಿತ್ತು. ಹಾಗೆ ಮೂರು ತಿಂಗಳು ಕಳೆದೆ.

ಪರೀಕ್ಷೆ ಭಾನುವಾರ ಬೆಳಿಗ್ಗೆ. ಬೆಂಗಳೂರಿನಿಂದ ಪರೀಕ್ಷಕರು ಬಂದರು, ರವಿಶಂಕರ್ ಎಂದು ಹೆಸರು, ನಗು ಎಂಬುದು ಅವರ ಮುಖದ ಕಡೆ ಸುಳಿದ ಹಾಗಿರಲಿಲ್ಲ. ಮೇಘನ ಒದ್ದಳು, ತಡೆದಳು, ತನಗಿಂತ ಎತ್ತರದವಳನ್ನು ನೆಲಕ್ಕೆ ಕೆಡವಿದಳು. ಚಪ್ಪಾಳೆ ತಟ್ಟಿಬಿಟ್ಟೇನೆಂದು ನಾನು ಎರಡೂ ಕೈಯನ್ನು ಬೆಲ್ಟಿನೊಳಗೆ ಸಿಕ್ಕಿಸಿಕೊಂಡೆ. ಕೊನೆಗೆ ಎಲ್ಲರೂ ವಜ್ರಾಸನದಲ್ಲಿ ಕೂತೆವು. ರವಿಶಂಕರ್ ಮುಂದೆ ಕೂತು ತಾವೂ ಕಣ್ಣು ಮುಚ್ಚಿದರು.

ಗೋಡೆಯಾಚೆ ನಾಲ್ಕು ಮಗ್ಗಗಳೂ ಸರಿಯಾಗಿ ಓಡುತ್ತಿದ್ದವು. ಆರನೆಯ ನಿಮಿಷವಿರಬೇಕು, ಮೂರನೆಯ ಮಗ್ಗದ ಸದ್ದು ಬದಲಾಯಿತು. ಲಾಳಿ ಎಳೆಗಳ ನಡುವೆ ಸಿಕ್ಕಿಕೊಂಡಿದೆ. ಇನ್ನು ಒಂದೊಂದು ಬಡಿತಕ್ಕೂ ಎಳೆ ಕಡಿಯುತ್ತದೆ. ರಾಮಾಂಜಿನಪ್ಪ ಟೀಗೆ ಹೋಗಿದ್ದಾನೆ. ಮಗ್ಗದ ಮೇಲಿರುವುದು ಮದುವೆ ಸೀರೆ.

ದಡಬಡ ಸದ್ದಾಯಿತು. ಕಣ್ಣು ತೆರೆದರೆ ಮೇಘನ ಕೂತಿದ್ದ ಜಾಗ ಖಾಲಿ. ಅವಳ ಹಿಂದೆ ಬೈರಣ್ಣ, ಬೈರಣ್ಣನ ಹಿಂದೆ ಕಂದು ಬೆಲ್ಟಿನವರು, ಬೆಂಚಿನ ಮೇಲಿದ್ದ ತಾಯಂದಿರು, ಪ್ರಮೋದಾ, ಕಡೆಗೆ ರಂಜಿತ. ನೇಕಾರರ ಮನೆಯಲ್ಲಿ ಹುಟ್ಟಿದವರು ಆ ಸದ್ದು ಕೇಳಿ ಕೂತಿರಲಾರರು, ಮಗ್ಗ ಯಾರದ್ದು ಎಂದು ಕೇಳುವುದು ಆಮೇಲೆ. ಹಾಲ್‌ನಲ್ಲಿ ಉಳಿದವರು ಇಬ್ಬರೇ. ರವಿಶಂಕರ್ ಕೂತಿದ್ದರು, ಅವರಿಗೆ ಆ ಸದ್ದಿನ ಅರ್ಥ ಗೊತ್ತಿಲ್ಲ. ನಾನೂ ಕೂತಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಮಗ್ಗ ನಿಂತಿತು. ಎಲ್ಲರೂ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ವಾಪಸ್ ಬಂದರು. ರವಿಶಂಕರ್ ಅಷ್ಟರಲ್ಲೇ ಕಣ್ಣು ಬಿಟ್ಟು ಖಾಲಿ ಹಾಲ್ ನೋಡಿದ್ದರು.

"ಹತ್ತು ನಿಮಿಷ ಕೂರೋಕೆ ಆಗದೆ ಇರೋರಿಗೆ ಬ್ಲಾಕ್ ಬೆಲ್ಟ್ ಹೇಗೆ ಕೊಡ್ಲಿ?" ಎಂದರು. "ಗುರುಗಳೇ ಎದ್ದು ಓಡಿದ್ರೆ ಶಿಷ್ಯರಿಗೆ ಏನು ಹೇಳೋದು? ಇಡೀ ಹಾಲ್‌ನಲ್ಲಿ ಕದಲದೆ ಕೂತಿರೋದು ಇವರೊಬ್ಬರೇ, ಅದೂ ಬಿಳಿ ಬೆಲ್ಟ್." ಹಾಗೆಂದು ಮೇಘನಳ ಹೆಸರಿದ್ದ ಹಾಳೆಯ ಮೇಲೆ ಪೆನ್ನು ಇಟ್ಟರು.

ನನ್ನ ಬಾಯಿ ತೆರೆಯಿತು. ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅಂಥದ್ದೊಂದನ್ನು ನಮ್ಮ ಬೀದಿಯೂ ಕೇಳಿರಲಿಲ್ಲ. ಅಷ್ಟರಲ್ಲಿ ಮೇಘನ ನನ್ನ ಕಡೆ ನೋಡಿದಳು. ದೇವನಹಳ್ಳಿಯಲ್ಲಿ ನೋಡಿದ್ದಳಲ್ಲ, ಅದೇ ನೋಟ. ನಾನು ಬಾಯಿ ಮುಚ್ಚಿದೆ.

ಅವಳೇ ಮುಂದೆ ಬಂದಳು. "ಸಾರ್, ನಾನು ಎದ್ದಿದ್ದು ನನಗೇ ಗೊತ್ತಿಲ್ಲ. ಮಗ್ಗ ನಿಲ್ಲಿಸೋ ಹ್ಯಾಂಡಲ್ ಮೇಲೆ ಕೈ ಇತ್ತು, ಅದು ನಿಂತ್ಮೇಲೇನೆ ಗೊತ್ತಾಗಿದ್ದು."

"ಓಡೋವಾಗ ಏನು ಯೋಚನೆ ಮಾಡ್ದೆ?"

"ಏನೂ ಇಲ್ಲ ಸಾರ್."

"ಏನೂ ಇಲ್ವಾ?"

"ನಿಂತ್ಮೇಲೆ ಮಾತ್ರ ಬೆಲ್ಟ್ ಹೋಯ್ತಲ್ಲ ಅಂತ ಭಯ ಆಯ್ತು."

ರವಿಶಂಕರ್ ಪೆನ್ನು ಎತ್ತಿದರು. ಆ ಮಗ್ಗ ತೋರಿಸಿ ಎಂದರು. ಎಲ್ಲರೂ ಅವರ ಹಿಂದೆ ಹೋದರು, ನಾನು ಮಾತ್ರ ಕೂತೇ ಇದ್ದೆ. ಗೋಡೆಯಾಚೆಯಿಂದ ಬೈರಣ್ಣನ ದನಿ ಕೇಳಿಸಿತು. "ನೋಡಿ ಸಾರ್, ಒಂಬತ್ತೇ ಎಳೆ ಕಡ್ದಿರೋದು. ಇನ್ನೊಂದು ನಾಕು ಏಟು ಬಿದ್ದಿದ್ರೆ ಸೀರೆ ಹೋಗ್ತಿತ್ತು." ಆಮೇಲೆ ರವಿಶಂಕರ್ ಅಂದರು, "ಇಪ್ಪತ್ತು ವರ್ಷದಿಂದ ನಾನು ಹೇಳಿಕೊಡೋಕೆ ಒದ್ದಾಡ್ತಿರೋದು ಇದನ್ನೇ ಕಣ್ರೀ."

ವಾಪಸ್ ಬಂದು ಅವರೇ ಮೇಘನಳ ಸೊಂಟಕ್ಕೆ ಕಪ್ಪು ಬೆಲ್ಟ್ ಕಟ್ಟಿದರು. ನನ್ನ ಕಣ್ಣು ಮಂಜಾಯಿತು. ಆಮೇಲೆ ಅವರು ನೇರ ನನ್ನ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. "ನಿಮ್ಮದೇ ಮಗ್ಗವಂತೆ. ಆದರೂ ಕದಲಲಿಲ್ಲ ನೀವು. ಇಂಥ ಮನಸ್ಸನ್ನ ನಾನು ನೋಡಿಲ್ಲ" ಎಂದರು. ಬೈರಣ್ಣ ಕಣ್ಣೊರೆಸಿಕೊಂಡ. ಪ್ರಮೋದಾ ನನ್ನನ್ನು ಪರಗಂಡಸನ್ನು ನೋಡುವಂತೆ ನೋಡಿದಳು. ನಾನು ಕೂತಲ್ಲಿಂದಲೇ ಗಂಭೀರವಾಗಿ ತಲೆಯಾಡಿಸಿದೆ.

ಎಲ್ಲರೂ ತಿಂಡಿಗೆ ಹೊರಟ ಮೇಲೆ ಮೇಘನ ಹತ್ತಿರ ಬಂದಳು.

"ಏಳಪ್ಪ, ಉಪ್ಪಿಟ್ಟು ಆರೋಗುತ್ತೆ."

"ಆಗ್ತಿಲ್ಲ ಕಣಮ್ಮ. ಎರಡೂ ಕಾಲು ಜೋಮು ಹಿಡಿದ್ಬಿಟ್ಟಿದೆ."

"ಯಾವಾಗಿಂದ?"

"ಮೂರನೇ ನಿಮಿಷದಿಂದ. ಮಗ್ಗದ ಸದ್ದು ಕೇಳಿದ ತಕ್ಷಣ ನಾನೂ ಏಳೋಕೆ ನೋಡ್ದೆ. ಸೊಂಟದಿಂದ ಕೆಳಗೆ ನಂದು ಅನ್ನೋದು ಏನೂ ಇರಲಿಲ್ಲ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಮ್ಯಾಟ್ ಮೇಲೆ ಉರುಳಿ ನಕ್ಕಳು. ಆಮೇಲೆ ನನ್ನ ಎದುರು ಕೂತು ಕಾಲನ್ನು ಮೆಲ್ಲಗೆ ಎಳೆದು ಮೀನಖಂಡ ತಿಕ್ಕತೊಡಗಿದಳು.

"ಅವ್ರು ನನ್ನ ಹಾಳೆ ಮೇಲೆ ಪೆನ್ನು ಇಟ್ಟಾಗ, ಬಾಯಿಗೂ ಜೋಮು ಹಿಡಿದಿತ್ತಾ?"

"ಇಲ್ಲ" ಎಂದೆ.

ಅದಕ್ಕೆ ಅವಳು ನಗಲಿಲ್ಲ. ತಲೆ ತಗ್ಗಿಸಿಕೊಂಡು, ಆ ಕಾಲು ಬಿಟ್ಟು ಈ ಕಾಲು ತಿಕ್ಕತೊಡಗಿದಳು.