ನಲವತ್ತು ಡಬ್ಬಿ, ಆರು ಕೀಲಿ

ನಲವತ್ತು ಮನೆಗಳ ಆ ಕಟ್ಟಡದಲ್ಲಿ ಟಪಾಲು ಕಾಣೆಯಾಗುತ್ತಿತ್ತು. ಒಬ್ಬರ ಆಧಾರ್ ಕಾರ್ಡು, ಇನ್ನೊಬ್ಬರ ಮಗಳ ಕೆಲಸದ ಆದೇಶ, ಮತ್ತೊಬ್ಬರ ಹೊಸ ಕನ್ನಡಕ. ಎಲ್ಲರ ಬೆರಳೂ ಪೋಸ್ಟ್‌ಮನ್ ಕಡೆಗೇ ತಿರುಗಿತು. ಹದಿನೇಳು ವರ್ಷ ಟಪಾಲು ತಂದುಕೊಟ್ಟವನನ್ನು ದೂರು ಕೊಟ್ಟು ಬೇರೆ ಬೀದಿಗೆ ಹಾಕಿಸಿದರು. ಅವನು ಹೋದ ಮೇಲೂ ಕಳವು ನಿಲ್ಲಲಿಲ್ಲ. ಆಗ ಬೀಗದವಳನ್ನು ಕರೆಸಿದರು.

ಅಪ್ಪನ ಬೀಗದಂಗಡಿಯಲ್ಲಿ ಕೀಲಿ ಉಜ್ಜುವ ಅರ ಹಿಡಿದೇ ಬೆಳೆದವಳು ಅವಳು. ಕೆಳಗಿನ ಟಪಾಲು ಡಬ್ಬಿಗಳಲ್ಲಿ ಒಂದರ ಬೀಗ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಒಳಗಿದ್ದದ್ದು ನಾಲ್ಕು ತೆಳು ತಗಡಿನ ಚೂರು, ಅವೂ ಸವೆದಿದ್ದವು.

"ನಿಮ್ಮ ಕೀಲಿ ಕೊಡಿ ಸರ್," ಎಂದು ಸಂಘದ ಕಾರ್ಯದರ್ಶಿಯಿಂದ ಇಸಕೊಂಡು ಸಾಲಾಗಿ ತೂರಿಸುತ್ತಾ ಹೋದಳು. ಏಳು ಡಬ್ಬಿ ತೆರೆದುಕೊಂಡವು.

ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. "ಏನಮ್ಮ, ನಾನು ಕಳ್ಳ ಅಂತೀಯಾ?"

"ಅಯ್ಯೋ, ನೀವಲ್ಲ ಸರ್. ನಲವತ್ತು ಡಬ್ಬಿಗೆ ಇರೋದೇ ಆರು ಥರದ ಕೀಲಿ. ಅಗ್ಗದ ಮಾಲು ಹೀಗೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುತ್ತ ನಿಂತವರ ಕೀಲಿಗೊಂಚಲೆಲ್ಲ ಮೆಲ್ಲಗೆ ಜೇಬು ಸೇರಿತು. ಎರಡನೇ ಮಹಡಿಯ ಅಜ್ಜಿ ಮಾತ್ರ ತಮ್ಮ ಕೀಲಿ ಮುಂದೆ ಚಾಚಿದರು.

"ನಂದೂ ನೋಡಮ್ಮ. ಕಣ್ಣಿಗೆ ಪೊರೆ ಬಂದಿದೆ, ನಂಬರು ಕಾಣಲ್ಲ. ಯಾವುದು ತೆರ್ಕೊಳ್ಳುತ್ತೋ ಅದೇ ನಂದು ಅಂದ್ಕೊಂಡು ಒಳಗಿದ್ದದ್ದು ತೊಗೊಂಡ್ಹೋಗ್ತಿದ್ದೆ."

ಎಲ್ಲರೂ ಅಜ್ಜಿಯ ಹಿಂದೆ ಮೆಟ್ಟಿಲು ಹತ್ತಿದರು. ಅವರ ಮನೆಯ ಮೇಜಿನ ಡ್ರಾಯರ್‌ನಲ್ಲಿ ಕಾಣೆಯಾದ ಟಪಾಲೆಲ್ಲ ಇತ್ತು, ಒಂದನ್ನೂ ಒಡೆದಿರಲಿಲ್ಲ.

"ಆಪರೇಷನ್ ಆದ್ಮೇಲೆ ಓದೋಣ ಅಂತಿಟ್ಟಿದ್ದೆ," ಎಂದರು ಅಜ್ಜಿ. "ಈಚೆಗೆ ನಂಗೆ ಎಷ್ಟೊಂದು ಕಾಗದ ಬರ್ತಿದೆಯಲ್ಲಾಂತ ಖುಷಿಯಾಗಿತ್ತು."

ಕೆಲಸದ ಆದೇಶ ಒಡೆದು ನೋಡಿದರೆ, ಸೇರುವ ದಿನ ಕಳೆದು ಒಂಬತ್ತು ದಿನವಾಗಿತ್ತು. ಹುಡುಗಿಯ ತಾಯಿ ಲಕೋಟೆ ಹಿಡಿದು ಅಲ್ಲಿಂದಲೇ ಫೋನ್ ಮಾಡತೊಡಗಿದಳು. ಬೀಗದವಳಿಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ, ಕೆಳಗಿಳಿದಳು.

ಒಂದರ ಕೀಲಿ ಇನ್ನೊಂದಕ್ಕೆ ಹೊಂದದ ನಲವತ್ತು ಬೀಗ ಹಾಕಲು ಮೂರು ದಿನ ಹಿಡಿಯಿತು. ಮೂರನೆಯ ದಿನ ಕಾರ್ಯದರ್ಶಿ ಹೊರಗಿನಿಂದ ಬಂದು ಅವಳ ಪಕ್ಕ ನಿಂತರು.

"ಪೋಸ್ಟ್‌ಮನ್‌ ಹತ್ರ ಹೋಗಿದ್ದೆ. ತಪ್ಪಾಯ್ತು, ವಾಪಸ್ ಬಾ ಅಂದೆ."

"ಏನಂದ್ರು?"

"ಈ ಹೊಸ ಬೀದೀಲಿ ನಾಯಿ ಜಾಸ್ತಿ ಸರ್, ಆದ್ರೆ ಜನ ಕಚ್ಚಲ್ಲ, ನಾನಿಲ್ಲೇ ಇರ್ತೀನಿ ಅಂದ."

ಬೀಗದವಳು ನಗಲಿಲ್ಲ. ಮೂವತ್ತೊಂದನೇ ಡಬ್ಬಿಯ ತಿರುಪು ಬಿಗಿದು, ಕೀಲಿ ಎರಡು ಸಲ ತಿರುಗಿಸಿ ನೋಡಿ, ಮುಂದಿನದಕ್ಕೆ ಕೈಹಾಕಿದಳು.