ಬೋರ್ಡ್ ತಾನಾಗಿ ನಿಲ್ಲುವ ಇಳಿಜಾರು

ಆ ಶನಿವಾರ ಸದಾಶಿವನಗರದ ಬಸಯ್ಯನ ಮನೆಯಲ್ಲಿ ಬೆಳಗಿನ ಚಹಾ ಯಾರಿಗೂ ರುಚಿಸಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮೇಘಾ ಮೊಣಕಾಲು ತರಚಿಕೊಂಡು ಕುಂಟುತ್ತ ಒಳಗೆ ಬಂದಳು. ಬಗಲಲ್ಲಿ ನಾಲ್ಕು ಸಣ್ಣ ಗಾಲಿ ಹಚ್ಚಿದ ಉದ್ದನೆಯ ಹಲಗೆ. ಅವಳ ಸೋದರಮಾವ ಓಂಕಾರ ಗೋವಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ತಂಗಿದ್ದ ಪರದೇಶದ ಹುಡುಗಿಯೊಬ್ಬಳು ಊರಿಗೆ ಹೊರಟಾಗ ಅವನಿಗೆ ಕೊಟ್ಟು ಹೋದ ಲಾಂಗ್‌ಬೋರ್ಡ್ ಅದು. ಅದರ ಮೇಲೆ ನಿಂತು ಇಳಿಜಾರಿನಲ್ಲಿ ಜಾರಿಕೊಂಡು ಹೋಗಬೇಕು. ಮಾವ ಅದನ್ನು ತಂದುಕೊಟ್ಟಾಗಿನಿಂದ ಮೇಘಾಗೆ ಅದರದೇ ಧ್ಯಾನ.

“ಮನಿ ಮುಂದಿನ ಇಳಿಜಾರಿನ್ಯಾಗ ಬಿಟ್ಟಿದ್ದೆ ಅಪ್ಪಾ. ತಿರುವಿನ್ಯಾಗ ಟೆಂಪೋ ಬಂತು. ಹಾರಿಕೊಂಡೆ.”

ಬಸಯ್ಯನ ಎದೆ ಧಸಕ್ಕೆಂದಿತು. ಈ ಮನುಷ್ಯನ ಹೆದರಿಕೆ ಯಾವಾಗಲೂ ಸಿಟ್ಟಿನ ವೇಷ ಹಾಕಿಕೊಂಡೇ ಹೊರಗೆ ಬರುತ್ತಿತ್ತು. “ಇದನ್ನ ಇವತ್ತs ಗುಜರಿಗೆ ಹಾಕತೇನಿ ನೋಡು! ಕೈಕಾಲು ಮುರಕೊಳ್ಳೂದಕ್ಕ ಆಟ ಅಂತಾರೇನು?”

ಗದ್ದಲ ಕೇಳಿ ಬಾಜೂ ಮನೆಯ ಪ್ರಮಿಳಾ ಬಂದಳು. ಸಾಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಟೀಚರ್ ಆಕೆ. ಪುಣೆಗೆ ತರಬೇತಿಗೆ ಹೋದಾಗ ಇಂಥ ಬೋರ್ಡನ್ನೂ ಓಡಿಸಿದ್ದಳು.

“ತಪ್ಪು ಬೋರ್ಡಿಂದಲ್ರಿ ಅಣ್ಣಾರ, ಜಾಗಾದ್ದು,” ಎಂದಳು. “ಈಜು ಕಲಿಯೋರನ್ನ ಮಳಿಗಾಲದಾಗ ಮಲಪ್ರಭಾ ಹೊಳಿಗೆ ಇಳಸ್ತೀವೇನು?”

“ಮತ್ತ ಎಂಥಾ ಜಾಗಾ ಬೇಕವಾ?” ಒಳಗಿನಿಂದ ಬಸಯ್ಯನ ಹೆಂಡತಿ ಕಾಂತಾ ಕೇಳಿದಳು. ಗಂಡನಿಗಿಂತ ಮೊದಲು ತಿಳಿದುಕೊಳ್ಳುವುದು ಆಕೆಯ ರೂಢಿ.

“ಇಳಿಜಾರು ಸಣ್ಣದಿರಬೇಕ್ರಿ ಅಕ್ಕಾರ. ಮ್ಯಾಲೆ ನಿಂತರ ಕೆಳಗಿನ ತನಕ ಕಾಣಬೇಕು. ನಡುವ ಅಡ್ಡ ರಸ್ತೆ ಇರಬಾರದು. ಕೆಳಗ ಹೋಗಿ ರಸ್ತೆ ಸಪಾಟ ಆಗಬೇಕು, ಇಲ್ಲಾ ಸ್ವಲ್ಪ ಏರಬೇಕು. ಬೋರ್ಡ್ ತಾನs ನಿಲ್ಲಬೇಕು.”

“ಅಂಥಾದ್ದು ಎಲ್ಲೈತಿ ನಮ್ಮಲ್ಲೆ?” ಬಸಯ್ಯ ಮೂಗು ಮುರಿದ.

ಕಾಂತಾ ನಕ್ಕುಬಿಟ್ಟಳು. “ನಿಮ್ಮನ್ನs ಕೇಳಬೇಕ್ರಿ! ಇಳಿಜಾರು ಕಂಡಲ್ಲೆ ಸ್ಕೂಟರ್ ಬಂದ್ ಮಾಡವ್ರು ನೀವು.”

ಅದು ಇಡೀ ಓಣಿಗೆ ಗೊತ್ತಿದ್ದ ಮಾತು. ಪೆಟ್ರೋಲ್ ಉಳಿಯಲಿ ಎಂದು ಬಸಯ್ಯ ಇಳಿಜಾರು ಬಂದರೆ ಸಾಕು, ಎಂಜಿನ್ ಆರಿಸಿ ಸುಮ್ಮನೆ ಉರುಳಿಕೊಂಡು ಹೋಗುತ್ತಿದ್ದ. ಊರಿನ ಮಿಲಿಟರಿ ಕ್ಯಾಂಪಿನಿಂದ ಖಾನಾಪುರದವರೆಗೆ ಯಾವ ಇಳಿಜಾರು ಎಲ್ಲಿಗೆ ಒಯ್ದು ಬಿಡುತ್ತದೆ ಎನ್ನುವುದು ಅವನಿಗೆ ಬಾಯಿಪಾಠ. ಆದರೆ ಈ ವಿದ್ಯೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಆಡಿಕೊಂಡಿದ್ದೇ ಹೆಚ್ಚು. ಬಸಯ್ಯ ನೆಟ್ಟಗೆ ಕುಳಿತ.

“ವಾಹನ ಓಡಾಡೂ ರಸ್ತ್ಯಾಗ ಹಂಗ ಮಾಡಬ್ಯಾಡ್ರಿ ಅಣ್ಣಾರ, ಅಪಾಯ ಅದು,” ಪ್ರಮಿಳಾ ಹೇಳಿದಳು. “ಆದ್ರ ನಿಮ್ಮ ಲೆಕ್ಕ ನಮಗ ಉಪಯೋಗಕ್ಕ ಬರತೈತಿ.”

“ನಾಳೆ ರವಿವಾರ ಹುಡುಕೂಣು,” ಎಂದ ಬಸಯ್ಯ. “ಸಿಕ್ರ ಬೋರ್ಡ್ ಮನ್ಯಾಗ ಇರತೈತಿ. ಸಿಗಲಿಲ್ಲಂದ್ರ ಗುಜರಿ. ಇದs ಕಡೀ ಮಾತು.” ಮೇಘಾ ಆ ರಾತ್ರಿ ಬೋರ್ಡನ್ನು ತಲೆದಿಂಬಿನ ಬಾಜೂ ಇಟ್ಟುಕೊಂಡೇ ಮಲಗಿದಳು.

ಬೆಳಗಾಗುತ್ತಲೇ ನಾಲ್ವರೂ ಎರಡು ಗಾಡಿಯಲ್ಲಿ ಹೊರಟರು. ಮೊದಲು ಕ್ಯಾಂಪ್. ಅಗಲ ರಸ್ತೆ, ಎರಡೂ ಕಡೆ ದೊಡ್ಡ ಮರ, ತಂಪು ಗಾಳಿ. “ಇದs ನೋಡ್ರಿ ಜಾಗಾ!” ಎಂದು ಬಸಯ್ಯ ಕುಣಿದ. ಪ್ರಮಿಳಾ ಮಾತ್ರ ಗಾಡಿ ನಿಲ್ಲಿಸಿ ರಸ್ತೆಯುದ್ದಕ್ಕೂ ನಡೆದು ನೋಡಿದಳು.

“ಕಾಯಿ, ಕಡ್ಡಿ ಬಿದ್ದಾವ ನೋಡ್ರಿ. ಸ್ಕೂಟರಿನ ಗಾಲಿ ದಾಟತಾವ. ಈ ಸಣ್ಣ ಗಾಲಿ ಸಿಕ್ಕೊಂಡು ಗಕ್ಕನೆ ನಿಲ್ಲತಾವ, ಹುಡುಗಿ ಮುಂದ ಮುಗ್ಗರಸ್ತಾಳ. ಮತ್ತ ಇದು ಮಿಲಿಟರಿಯವರ ಜಾಗಾ. ಕೇಳದs ಆಡಾಕ ಬರೂದಿಲ್ಲ.”

ಮುಂದೆ ಖಾನಾಪುರದ ದಾರಿಯಲ್ಲಿ ಒಂದು ಒಳರಸ್ತೆ. ನುಣುಪಾಗಿತ್ತು, ಖಾಲಿಯೂ ಇತ್ತು. ಬಸಯ್ಯ ಎಂಜಿನ್ ಆರಿಸಿ ಒಬ್ಬನೇ ಉರುಳಿಕೊಂಡು ಇಳಿದು ನೋಡಿದ. ಸ್ಕೂಟರ್ ನಿಲ್ಲುವ ಬದಲು ಜೋರು ಹಿಡಿಯಿತು. ಕೆಳಗಿದ್ದ ಸಣ್ಣ ಸೇತುವೆಯ ಹತ್ತಿರ ಅವನು ಎರಡೂ ಬ್ರೇಕ್ ಒತ್ತಬೇಕಾಯಿತು. ಈ ಸಲ ಯಾರೂ ಹೇಳುವುದು ಬೇಕಾಗಲಿಲ್ಲ. “ಇದು ಬ್ಯಾಡ,” ಎಂದು ಅವನೇ ತಲೆಯಾಡಿಸಿದ. ಮೇಘಾಳ ಮುಖ ಬಾಡಿತು. ಅದನ್ನು ನೋಡಿ ಜಾಗ ಸಿಗಲಪ್ಪಾ ಎಂದು ಬಸಯ್ಯನೇ ಬೇಡಿಕೊಳ್ಳತೊಡಗಿದ.

ಆಗ ನೆನಪಾಯಿತು, ಖಾನಾಪುರದ ಹೊರಗಿನ ಹೊಸ ಲೇಔಟ್! ಡಾಂಬರು ಹಾಕಿದ್ದರು, ಒಂದೂ ಮನೆ ಎದ್ದಿರಲಿಲ್ಲ. ಹಿಂದೊಮ್ಮೆ ಪ್ಲಾಟ್ ನೋಡಲು ಬಂದು, ರೇಟು ಕೇಳಿ ಬಂದ ದಾರಿಯಲ್ಲೇ ತಿರುಗಿ ಹೋಗಿದ್ದ. ಈಗ ಎಲ್ಲರೂ ಅಲ್ಲಿಗೆ ಹೋದಾಗ ಕಾವಲಿಗಿದ್ದ ಸಿದ್ದಪ್ಪ ಎಮ್ಮೆ ಮೇಯಿಸುತ್ತ ನಿಂತಿದ್ದ. ಕಾಂತಾ ಮೊದಲು ಅವನನ್ನು ಕೇಳಿದಳು.

“ಕಾಕಾರ, ನಮ್ಮ ಹುಡುಗಿ ಇಲ್ಲೆ ಸ್ವಲ್ಪ ಆಡಬಹುದೇನ್ರಿ?”

“ಆಡ್ಲಿ ತಗೋರಿ ಯವ್ವಾ. ರವಿವಾರ ಇಲ್ಲೆ ಯಾವ ಗಾಡೀನೂ ಬರೂದಿಲ್ಲ. ನನ್ನ ಎಮ್ಮಿ ಹಿಡಕೋತೇನಿ.”

ಬಸಯ್ಯ ಮೇಲಿನಿಂದ ಎಂಜಿನ್ ಆರಿಸಿ ಬಿಟ್ಟ. ಸ್ಕೂಟರ್ ಮೆಲ್ಲಗೆ ಇಳಿಯಿತು, ಕೆಳಗಿನ ಏರು ಹತ್ತಿತು, ಹತ್ತುತ್ತ ಹತ್ತುತ್ತ ನಿಂತುಬಿಟ್ಟಿತು. “ಬ್ರೇಕ್ ಮುಟ್ಟಿಲ್ಲ! ಖರೇ ಹೇಳತೇನಿ, ಮುಟ್ಟಿಲ್ಲ!” ಎಂದು ಅವನು ಅಲ್ಲಿಂದಲೇ ಕೂಗಿದ. ಮೇಘಾ ತಾಯಿಯನ್ನು ತಬ್ಬಿಕೊಂಡಳು.

ಪ್ರಮಿಳಾ ಅವಳಿಗೆ ಹೆಲ್ಮೆಟ್, ಮೊಣಕಾಲು ಮೊಣಕೈಗೆ ಪ್ಯಾಡು ಕಟ್ಟಿದಳು. ಎಲ್ಲರೂ ಸೇರಿ ರಸ್ತೆಯ ಮೇಲಿನ ಹರಳುಕಲ್ಲು ಗುಡಿಸಿದರು. ಮೊದಲು ಸಪಾಟು ಜಾಗದಲ್ಲಿ ನಿಲ್ಲುವುದು, ಒಂದು ಕಾಲನ್ನು ನೆಲಕ್ಕೆ ಉಜ್ಜಿ ಬೋರ್ಡ್ ನಿಲ್ಲಿಸುವುದು. ಅದು ಸರಿಯಾದ ಮೇಲೆ ಇಳಿಜಾರಿನ ಕೆಳತುದಿಯಿಂದ, ಆಮೇಲೆ ಸ್ವಲ್ಪ ಮೇಲಿನಿಂದ. ಕಾಂತಾ ಲೇಔಟಿನ ಬಾಯಲ್ಲಿ ಕಾವಲು ನಿಂತಳು. ಮೇಘಾ ಮೊಣಕಾಲು ಬಗ್ಗಿಸಿ, ಕೈ ಚಾಚಿ, ಗಾಳಿಗೆ ಎದುರಾಗಿ ಇಳಿದು ಬಂದಳು. ಅವಳ ನಗು ಅಷ್ಟು ದೂರದಿಂದಲೂ ಕೇಳಿಸಿತು.

ಬಸಯ್ಯನಿಗೆ ಈಗ ಮೈಮೇಲೆ ಖಬರಿಲ್ಲ. “ಮ್ಯಾಲಿನ ತುದಿಯಿಂದ ಬಾ ಮೇಘಾ! ಒಮ್ಮೆ ತುದಿಯಿಂದ ಬಿಡು!”

ಮೇಘಾ ಬೋರ್ಡ್ ಎತ್ತಿಕೊಂಡು ತಂದೆಯ ಹತ್ತಿರ ಬಂದಳು. ಅವಳಿಗೂ ಆಸೆ ಇಲ್ಲದೆ ಇರಲಿಲ್ಲ. “ಇವತ್ತ ಬ್ಯಾಡಪ್ಪಾ. ಕಾಲು ನಡಗಾಕತ್ತಾವ. ಇಷ್ಟು ಗಟ್ಟಿ ಆಗ್ಲಿ, ಆಮ್ಯಾಲೆ ತುದಿ.”

ಬಸಯ್ಯ ಮಗಳನ್ನು ನೋಡುತ್ತ ನಿಂತ. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಹೆದರಿಕೆ ಆ ಮಾತಿಗೆ ಇಳಿದುಹೋಯಿತು. “ಮುಂದಿನ ರವಿವಾರನೂ ಬರೂಣು,” ಎಂದು ಬೋರ್ಡನ್ನು ತಾನೇ ಇಸಿದುಕೊಂಡು ಹೆಗಲ ಮೇಲೆ ಇಟ್ಟುಕೊಂಡ.

ತಾಯಂದಿರೇ, ತಂದೆಯಂದಿರೇ, ನಿಮ್ಮ ಮನೆಯಲ್ಲೂ ಗಾಲಿಯ ಮೇಲೆ ನಿಲ್ಲಬೇಕೆಂದು ಹಟ ಹಿಡಿದ ಮಕ್ಕಳಿರಬಹುದು. ಬೈದರೆ ಅವರು ನಿಮ್ಮ ಕಣ್ಣು ತಪ್ಪಿಸಿ ಟೆಂಪೋ ಓಡಾಡುವ ರಸ್ತೆಗೇ ಹೋಗುತ್ತಾರೆ. ಅದರ ಬದಲು ಅವರ ಜೊತೆ ನೀವೂ ಹೊರಡಿ. ರಸ್ತೆಯನ್ನು ಮೊದಲು ಕಾಲಿನಿಂದ ನಡೆದು ನೋಡಿ, ಜಾಗದವರನ್ನು ಕೇಳಿ, ಹೆಲ್ಮೆಟ್ ಕಟ್ಟಿ, ಕೆಳಗಿನಿಂದ ಶುರು ಮಾಡಿಸಿ. ನಿಮ್ಮ ಊರಲ್ಲೂ ಅಂಥ ಒಂದು ಸಣ್ಣ ಇಳಿಜಾರು ಇದ್ದೇ ಇದೆ. ಈ ರವಿವಾರವೇ ಹುಡುಕಿ!