ಹೆಬ್ಬೆರಳಿನ ಗುರುತು

ಈಸ್ಟರಿನ ಹಿಂದಿನ ಶುಕ್ರವಾರ ನನ್ನ ಗಂಡ ವಿತೋಮಿರ್ ಬಣ್ಣಕ್ಕೆಂದು ಈರುಳ್ಳಿ ಸಿಪ್ಪೆಯ ಪಾತ್ರೆಯನ್ನು ಒಲೆಗಿಟ್ಟಿದ್ದು ಕಂಡು ನನಗೆ ರೇಗಿಹೋಯಿತು.

"ಸಾವಾದ ಮನೇಲಿ ಯಾರ್ರೀ ಮೊಟ್ಟೆಗೆ ಕೆಂಪು ಬಣ್ಣ ಹಾಕ್ತಾರೆ?"

"ಒಂದೇ ಒಂದು ಕಣೇ, ಮನೆ ಕಾಯೋ ಮೊಟ್ಟೆ. ಹೊಸದನ್ನ ದೇವರ ಪಟದ ಹತ್ರ ಇಟ್ಟು, ಹೋದ ವರ್ಷದ್ದನ್ನ ಮೊರಾವಾ ಹೊಳೆಗೆ ಬಿಟ್ಟುಬಿಡೋಣ. ಅದು ಕಾದಿದ್ದು ಅಷ್ಟರಲ್ಲೇ ಇದೆ. ಮಗಳನ್ನೇ ಉಳಿಸಲಿಲ್ಲ."

ಅವರು ಪಟದ ಕೆಳಗಿನ ಹಳೆಯ ಮೊಟ್ಟೆಗೆ ಕೈಹಾಕಿದರು. ನಾನು ಓಡಿಹೋಗಿ ಕಿತ್ತುಕೊಂಡೆ.

ಅದಕ್ಕೆ ಬಣ್ಣ ಹಾಕಿದ್ದವಳು ಈ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ಯಾಗೋದಾ. ತಾಳ್ಮೆಯೇ ಇಲ್ಲದ ಹುಡುಗಿ. ಬಣ್ಣ ಆರುವ ಮೊದಲೇ ಎತ್ತಿಬಿಟ್ಟಿದ್ದಳು. ಕೆಂಪಿನ ನಡುವೆ ಅವಳ ಹೆಬ್ಬೆರಳಿನ ಗೆರೆಗಳು ಒಂದೊಂದೂ ಬೆಳ್ಳಗೆ ಉಳಿದುಕೊಂಡಿದ್ದವು.

"ಇಲ್ಲಿ ನೋಡ್ರೀ" ಎಂದು ತೋರಿಸಿದೆ. ಅವರು ತುಂಬ ಹೊತ್ತು ನೋಡಿ, ಹೋಗಿ ಒಲೆ ಆರಿಸಿದರು.

ಆ ಗುರುತು ಕಂಡ ದಿನ ನಾನು ಅವಳಿಗೆ ಬೈದಿದ್ದೆ: "ಥೂ, ಹಾಳು ಮಾಡಿಟ್ಯಲ್ಲೇ! ಇನ್ನು ವರ್ಷವಿಡೀ ಇದನ್ನೇ ನೋಡ್ಕೊಂಡು ಕೂತಿರ್ಬೇಕಾ ನಾನು?"